ಕೂಲಂಟ್ ಪ್ರೆಷರ್ ಟೆಸ್ಟರ್: ಹೊಗೆಯುಗುಳುವ ಹಳೆ ಟರ್ಬೊ ಕಾರಿನ ಜೊತೆ ಕೆಲವು ಮಳೆಗಾಲ

ತೀರ್ಥಹಳ್ಳಿಯ ಕಡೆ ಜುಲೈ ತಿಂಗಳ ಬೆಳಿಗ್ಗೆ ಯಾವ ಕಾರನ್ನು ಸ್ಟಾರ್ಟ್ ಮಾಡಿದರೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ. ಇಂಧನ ಉರಿದಾಗ ಹುಟ್ಟುವ ನೀರಾವಿ ಹೊರಗಿನ ತಣ್ಣನೆಯ ಗಾಳಿ ತಾಕಿ ಹನಿಗಟ್ಟುತ್ತದೆ, ಅಷ್ಟೆ. ಶಿವಮೊಗ್ಗಕ್ಕೆ ಹೊರಟು ಮಂಡಗದ್ದೆ ದಾಟಿದ ಮೇಲೂ ಅದು ನಿಲ್ಲದಿದ್ದರೆ, ಜೊತೆಗೆ ಕೂಲಂಟ್ (ಎಂಜಿನ್ನನ್ನು ತಣಿಸುವ ದ್ರವ) ಕೂಡ ಇಳಿಯುತ್ತಿದ್ದರೆ ಮಾತ್ರ ಚಿಂತಿಸಬೇಕು.

ನನ್ನ ಹಳೆಯ ಡೀಸೆಲ್ ಕಾರು ಆ ಹಂತಕ್ಕೆ ಬಂದಾಗ ಒಂದು ಗ್ಯಾರೇಜಿನವರು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಭಾಗ) ಹೋಗಿದೆ ಎಂದರು, ಇನ್ನೊಬ್ಬರು ಹೆಡ್ ಗ್ಯಾಸ್ಕೆಟ್, ಅಂದರೆ ಸಿಲಿಂಡರುಗಳ ಮೇಲ್ಭಾಗವನ್ನು ಸೋರದಂತೆ ಮುಚ್ಚುವ ಪದರ, ಎಂದರು. ಎರಡೂ ಬಾನೆಟ್ ಎತ್ತುವ ಮೊದಲೇ ಬಂದ ತೀರ್ಪುಗಳು! ಕೂಲಂಟ್ ಪ್ರೆಷರ್ ಟೆಸ್ಟರ್ ಎಂಬ, ಒತ್ತಡ ತುಂಬಿ ಕೂಲಂಟ್ ಸೋರಿಕೆ ಹುಡುಕುವ ಈ ಕೈಪಂಪನ್ನು ಕೊಂಡದ್ದು ಆಗಲೇ.

ಕೆಲಸ ಸರಳ. ಎಂಜಿನ್ ಪೂರ್ತಿ ತಣಿದಿರುವಾಗ ಕೂಲಂಟ್ ಟ್ಯಾಂಕಿನ ಮುಚ್ಚಳ ತೆಗೆದು ಅಲ್ಲಿ ಅಡಾಪ್ಟರ್ ಕೂರಿಸಬೇಕು. ಮುಚ್ಚಳದ ಮೇಲೆ ಅಚ್ಚಾಗಿರುವಷ್ಟೇ ಒತ್ತಡ, ನನ್ನದರಲ್ಲಿ 1.4 ಬಾರ್, ಬರುವವರೆಗೆ ಪಂಪ್ ಮಾಡಬೇಕು. ಅದಕ್ಕಿಂತ ಹೆಚ್ಚು ತುಂಬಿದರೆ ಹಳೆಯ ಹೋಸ್‌ಗಳು ಬಾಯಿ ಬಿಡುತ್ತವೆ. ನನ್ನ ಕಾರಿನಲ್ಲಿ ಪಂಪಿನ ಒತ್ತಡ ಮಾಪಕದ ಮುಳ್ಳು ನಿಧಾನವಾಗಿ ಇಳಿಯಿತು, ಆದರೆ ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಎಂದರೆ ಸೋರಿಕೆ ಒಳಗೇ. ಇಜಿಆರ್ ಪೈಪನ್ನು ಬಿಚ್ಚಿ, ಒತ್ತಡ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಇಜಿಆರ್ ಕೂಲರಿನ ಬಾಯಲ್ಲಿ ಹಸಿರು ಕೂಲಂಟ್ ನಿಂತಿತ್ತು. ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳಿಸುವ ಈ ಭಾಗ ಒಳಗೆ ಬಿರುಕು ಬಿಟ್ಟರೆ, ಕೂಲಂಟ್ ಗಾಳಿಯ ಜೊತೆ ಸಿಲಿಂಡರಿಗೆ ಹೋಗಿ ಸಿಹಿ ವಾಸನೆಯ ಬಿಳಿ ಹೊಗೆಯಾಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋದರೂ ಹೊಗೆ ಹೀಗೇ ಇರುತ್ತದೆ, ಬಣ್ಣ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಒಂದು ಎಚ್ಚರಿಕೆ: ರಾತ್ರಿಯಿಡೀ ಒತ್ತಡದಲ್ಲಿಟ್ಟ ಎಂಜಿನ್ನನ್ನು ನೇರವಾಗಿ ಸ್ಟಾರ್ಟ್ ಮಾಡಬಾರದು. ಸಿಲಿಂಡರಿನಲ್ಲಿ ಕೂಲಂಟ್ ತುಂಬಿದ್ದರೆ, ದ್ರವ ಗಾಳಿಯಂತೆ ಕುಗ್ಗದ ಕಾರಣ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಮೊದಲು ಗ್ಲೋ ಪ್ಲಗ್‌ಗಳನ್ನು (ಸ್ಟಾರ್ಟ್ ಮಾಡುವಾಗ ಸಿಲಿಂಡರನ್ನು ಬಿಸಿ ಮಾಡುವ ಪ್ಲಗ್‌ಗಳು) ಬಿಚ್ಚಿ, ಸ್ವಲ್ಪ ದೂರ ನಿಂತು ಕ್ರ್ಯಾಂಕ್ ಮಾಡಿಸಿ. ನನ್ನದರಲ್ಲಿ ಏನೂ ಚಿಮ್ಮಲಿಲ್ಲ. ಕೂಲರ್ ಬದಲಾಯಿಸಿದೆ, ಹೋಗಿದೆಯೆನ್ನಿಸಿಕೊಂಡ ಟರ್ಬೊ ಇನ್ನೂ ಅದೇ. ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳನ್ನು ತುಂಬು ಭಾರದಲ್ಲಿ ಹತ್ತಿದರೂ ಈಗ ಕೂಲಂಟ್ ಮಟ್ಟ ಇಳಿಯುವುದಿಲ್ಲ.

ಉಪಕರಣಕ್ಕೆ ಪೂರ್ಣ ಅಂಕ ಕೊಡಲಾರೆ. ಪೆಟ್ಟಿಗೆಯಲ್ಲಿ ಬಂದ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ಯಾವ ದೇಶದ ಕಾರಿನವೋ ದೇವರೇ ಬಲ್ಲ. ರಬ್ಬರ್ ವಾಷರ್ ಗಟ್ಟಿಯಾಗಿ ಅಲ್ಲೇ ಗಾಳಿ ಸೋರಿದರೂ ಮುಳ್ಳು ಇಳಿಯುತ್ತದೆ, ಹಾಗಾಗಿ ಪ್ರತಿ ಸಲ ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡುತ್ತೇನೆ. ಬಿಸಿಯಾದಾಗ ಮಾತ್ರ ತೆರೆದುಕೊಳ್ಳುವ ಬಿರುಕು ಇದಕ್ಕೆ ಸಿಗದೇ ಹೋಗಬಹುದು. ಹೊಗೆಯಲ್ಲಿ ನೀಲಿ ಛಾಯೆಯಿದ್ದು ಎಂಜಿನ್ ಆಯಿಲ್ ಇಳಿಯುತ್ತಿದ್ದರೆ ಟರ್ಬೊ ಸೀಲ್ ನೋಡಿಸಿ; ಕಣ್ಣು ಉರಿಸುವ ಹಸಿ ಡೀಸೆಲ್ ವಾಸನೆಯಾದರೆ ಇಂಜೆಕ್ಟರ್. ಅಲ್ಲಿ ಈ ಪಂಪಿಗೆ ಕೆಲಸವಿಲ್ಲ. ಕೊಳ್ಳುವ ಮೊದಲು ನಿಮ್ಮ ಟ್ಯಾಂಕಿನ ಮುಚ್ಚಳವನ್ನೇ ಅಂಗಡಿಗೆ ಒಯ್ದು ಅಡಾಪ್ಟರಿನ ಥ್ರೆಡ್ ಹೊಂದುತ್ತದೆಯೇ ನೋಡಿ.