ಹಳೆಯ ಹೆಂಚಿನ ಕೆಳಗೆ ಹೊಸ ಬಿಲ್ಲು: ಮಂಗಳೂರಿನ ಒಂದು ಬಾರ್ ಬಗ್ಗೆ ಎಚ್ಚರಿಕೆ

ಮಂಗಳೂರಿನ ಹಳೆಯ ಪೇಟೆಯಿಂದ ಬಂದರಿನ ಕಡೆಗೆ ಇಳಿಯುವ ರಸ್ತೆಗಳಲ್ಲೊಂದರಲ್ಲಿ ದಶಕಗಳಿಂದ ಇದ್ದ ಸಾಧಾರಣ ಬಾರ್ ಒಂದು ಮಾಲೀಕರು ಬದಲಾದ ಮೇಲೆ ಕಾಕ್‌ಟೇಲ್ ಬಾರ್ ಆಗಿ ಮತ್ತೆ ತೆರೆದಿದೆ. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅಳತೆಯನ್ನೂ ದರವನ್ನೂ ಹೇಳದೆ ಬಿಲ್ಲು ಬೆಳೆಸುವ ವ್ಯವಹಾರ ಅಲ್ಲೊಂದೇ ಕಡೆ ನಡೆಯುತ್ತದೆ ಎಂದೂ ನನಗೆ ಅನ್ನಿಸುವುದಿಲ್ಲ. ಮಳೆಗಾಲದ ಒಂದು ಸಂಜೆ ನಾನೂ ನನ್ನ ಭಾವನೂ ಅಲ್ಲಿಗೆ ಹೋಗಿದ್ದಾಗ ನಡೆದದ್ದನ್ನು, ಫೋಟೋ ನೋಡಿ ಹೊರಡುವವರು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನವೀಕರಣದ ಕೆಲಸವನ್ನು ಮೆಚ್ಚಲೇಬೇಕು. ರೆಡ್ ಆಕ್ಸೈಡ್ ನೆಲವನ್ನು ಕೀಳದೆ ಉಜ್ಜಿ ಹೊಳೆಯಿಸಿದ್ದಾರೆ. ಸೀಲಿಂಗ್ ತೆಗೆಸಿ, ಪಕ್ಕಾಸು, ರೀಪು, ಹೆಂಚುಗಳೆಲ್ಲ ಕಾಣುವಂತೆ ಮಾಡಿದ್ದಾರೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಈ ಊರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಸಂಗತಿ ಮೆನುವಿನ ಮೊದಲ ಪುಟದಲ್ಲೇ ಇದೆ. ಆದರೆ ಯಾವ ಪಾನೀಯದಲ್ಲಿ ಎಷ್ಟು ಮದ್ಯವಿದೆ ಎಂಬುದು ಮಾತ್ರ ಅದರ ಯಾವ ಪುಟದಲ್ಲೂ ಇಲ್ಲ.

ನಾನು ನೆಗ್ರೋನಿ ತರಿಸಿದೆ. ಜಿನ್, ಕಂಪಾರಿ, ಸಿಹಿ ವರ್ಮುತ್ ಎಂಬ ಮೂರು ಮದ್ಯಗಳನ್ನೂ ಸಮ ಪ್ರಮಾಣದಲ್ಲಿ, ಸಾಮಾನ್ಯವಾಗಿ ತಲಾ 30 ಮಿಲಿ ಲೀಟರ್, ಸೇರಿಸಿ ಮಾಡುವ ಕಹಿಯಾದ ಕಾಕ್‌ಟೇಲ್ ಅದು. ಹಣ್ಣಿನ ರಸಕ್ಕೆ ಅಲ್ಲಿ ಕೆಲಸವಿಲ್ಲ. ನನ್ನ ಮುಂದೆ ಬಂದದ್ದು ಗ್ಲಾಸಿನ ತುಂಬ ಮಂಜುಗಡ್ಡೆ ಮತ್ತು ಕಿತ್ತಳೆ ಸ್ಕ್ವಾಶ್‌ನ ರುಚಿ. ಕೇಳಿದರೆ, "ಅದು ನಮ್ಮ ಹೌಸ್ ಸ್ಟೈಲ್ ಸರ್" ಎಂಬ ಉತ್ತರ. ಕಾಕ್‌ಟೇಲ್‌ಗಳನ್ನು ಮೊದಲೇ ಬೆರೆಸಿ ಬಾಟಲಿಗಳಲ್ಲಿ ತುಂಬಿಟ್ಟು ಒಳಗಿನಿಂದಲೇ ಸುರಿದು ತರುತ್ತಾರೆ. ಮುಂದಿರುವ ಬೀಟೆ ಮರದ ಕೌಂಟರ್ ಅಲಂಕಾರಕ್ಕೆ ಮಾತ್ರ. ಇದೇ ಜಾಗದ ಹಳೆಯ ಬಾರಿನಲ್ಲಿ ಕುರ್ಚಿಗಳು ಅಲುಗಾಡುತ್ತಿದ್ದವು ನಿಜ, ಆದರೆ ಸಪ್ಲಾಯರ್ 30 ಅಥವಾ 60 ಮಿಲಿ ಲೀಟರಿನ ಪೆಗ್ ಅಳತೆಯನ್ನು ಮೇಜಿಗೇ ತಂದು ಕಣ್ಣೆದುರೇ ಸುರಿಯುತ್ತಿದ್ದ. ಮುದ್ರೆಯುಳ್ಳ ಅಳತೆಯಲ್ಲಿ ಸುರಿದು ಕೊಡಿ ಎಂದು ಕೇಳುವುದು ಗ್ರಾಹಕರ ಹಕ್ಕು. ಇದಕ್ಕೆ ಒಪ್ಪದಿದ್ದರೆ ತೂಕ, ಅಳತೆಗಳನ್ನು ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಮೀನಿನ ವಿಷಯ ಇನ್ನೂ ಕೆಟ್ಟದ್ದು. ಮೆನುವಿನಲ್ಲಿ ಕಾಣೆ ಮೀನಿನ ರವಾ ಫ್ರೈ ಎದುರು ದರದ ಬದಲು "ಗಾತ್ರಕ್ಕೆ ತಕ್ಕಂತೆ" ಎಂದಿತ್ತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ತಾಜಾ ಕಾಣೆ ದುಬಾರಿಯಾಗುವುದು ಸಹಜ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಈ ಊರಿನ ಒಳ್ಳೆಯ ಮೀನಿನ ಹೋಟೆಲುಗಳಲ್ಲಿ ಮಸಾಲೆ ಹಚ್ಚಿದ ಮೀನನ್ನು ತಟ್ಟೆಯಲ್ಲಿ ತಂದು ತೋರಿಸಿ, ದರ ಹೇಳಿ, ನೀವು ಹೂಂ ಎಂದ ಮೇಲೆಯೇ ಕಾವಲಿಗೆ ಹಾಕುತ್ತಾರೆ. ಇಲ್ಲಿ ಭಾವ ಮತ್ತೆ ಮತ್ತೆ ದರ ಕೇಳಿದರೂ "ಒಳಗೆ ಕೇಳಿ ಹೇಳ್ತೇನೆ" ಎಂದು ಹೋದ ಹುಡುಗ ಹುರಿದ ಮೀನನ್ನೇ ಹಿಡಿದು ಬಂದ. ಅಂಗೈಗಿಂತ ತುಸು ಉದ್ದವಿದ್ದ ಎರಡು ಕಾಣೆಗೆ ಬಿಲ್ಲಿನಲ್ಲಿ ಬಿದ್ದದ್ದು 1,800 ರೂಪಾಯಿ. ಐಸಿನಲ್ಲಿ ಬಹಳ ದಿನ ಇಟ್ಟ ವಾಸನೆಯನ್ನು ರವೆಯ ಹೊದಿಕೆಯೂ ಮುಚ್ಚಿರಲಿಲ್ಲ.

ಬಿಲ್ಲಿನ ಕೊನೆಯಲ್ಲಿ "ಹೆರಿಟೇಜ್ ಫೀ" ಎಂದು ಶೇ. 10 ಸೇರಿತ್ತು. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಅಷ್ಟೇ ಅಲ್ಲ, ಭಾವ ಕುಡಿದ ಬಿಯರ್ ಮೇಲೂ ಶೇ. 5 ಜಿಎಸ್‌ಟಿ ಹಾಕಿದ್ದರು. ಊಟ, ತಿಂಡಿ, ಸೋಡಾಗಳಿಗೆ ಜಿಎಸ್‌ಟಿ ಇದೆ. ಮದ್ಯ ಅದರ ವ್ಯಾಪ್ತಿಗೇ ಬರುವುದಿಲ್ಲ.

ಇದನ್ನೆಲ್ಲ ಮ್ಯಾನೇಜರ್ ಮುಂದಿಟ್ಟಾಗ, ಕಟ್ಟಡವನ್ನು ಉಳಿಸಲು ಎಷ್ಟು ಖರ್ಚಾಯಿತು ಎಂಬ ಭಾಷಣದ ನಂತರ ಫೀಯನ್ನೂ ಬಿಯರಿನ ತೆರಿಗೆಯನ್ನೂ ತೆಗೆದರು, ಮೀನಿನ ದರದಲ್ಲಿ ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ನಿಮಗೂ ಹೀಗಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆದರೆ ವಾದಕ್ಕೆ ಇಳಿಯುವ ಮೊದಲೇ ಬಿಲ್ಲಿನ ಫೋಟೋ ತೆಗೆದುಕೊಳ್ಳಿ, ಏಕೆಂದರೆ ಅವರು ಹೊಸ ಬಿಲ್ಲು ಕೊಡುವಾಗ ಮೊದಲಿನದನ್ನು ಕೇಳಿ ವಾಪಸು ತೆಗೆದುಕೊಳ್ಳುತ್ತಾರೆ.