ಸಾಕೆಟ್ ಒಂದೇ ಅಂತ ಮದರ್‌ಬೋರ್ಡ್ ಕೊಳ್ಳಬೇಡಿ

ಮೊದಲ ಸಲ ಕಂಪ್ಯೂಟರ್ ಜೋಡಿಸಲು ಹೊರಟಿದ್ದರೆ ಇದನ್ನು ಓದಿ, ಆಮೇಲೆ ದುಡ್ಡು ಕೊಡಿ. ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಿನಲ್ಲಿ ನಾನು ತಂದ ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಒಂದಕ್ಕೊಂದು ಆಗಿಬರಲಿಲ್ಲ. ಪ್ರೊಸೆಸರ್ ಸಾಕೆಟ್ಟಿನಲ್ಲಿ, ಅಂದರೆ ಬೋರ್ಡಿನ ಮೇಲೆ ಅದು ಕೂರುವ ಜಾಗದಲ್ಲಿ, ಅಚ್ಚುಕಟ್ಟಾಗಿ ಕೂತಿತು. ಆದರೆ ಕಂಪ್ಯೂಟರ್ ಶುರುವಾಗಲೇ ಇಲ್ಲ.

ನಾನು ಆರಿಸಿದ್ದು ಎಎಂಡಿ ಕಂಪನಿಯ ರೈಜನ್ 3 3200ಜಿ ಪ್ರೊಸೆಸರ್. ಗ್ರಾಫಿಕ್ಸ್ ಅದರೊಳಗೇ ಇದೆ, ಸದ್ಯಕ್ಕೆ ಬೇರೆ ಕಾರ್ಡ್ ಬೇಡ ಅನ್ನುವುದು ಲೆಕ್ಕ. ಬೋರ್ಡ್ ಬಿ550 ಚಿಪ್‌ಸೆಟ್‌ನದು (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಬೋರ್ಡಿನ ಮುಖ್ಯ ಚಿಪ್). ಎರಡೂ ಎಎಂ4 ಸಾಕೆಟ್. ಪ್ರೊಸೆಸರ್ ಬಂದದ್ದು 2019ರಲ್ಲಿ, ಚಿಪ್‌ಸೆಟ್ ಬಂದದ್ದು 2020ರಲ್ಲಿ. ಹಳೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿದರೆ ತೊಂದರೆ ಅಂತ ಕೇಳಿದ್ದೆ. ನನ್ನದರಲ್ಲಿ ಬೋರ್ಡೇ ಹೊಸದು, ಹಾಗಾಗಿ ಅನುಮಾನವೇ ಬರಲಿಲ್ಲ. ಮಾರಿದವರನ್ನು ಕೇಳಿದೆ. "ಎಎಂ4 ಅಲ್ವಾ, ಆಗುತ್ತೆ ತಗೊಳ್ಳಿ" ಅಂದರು.

ರಾತ್ರಿ ಎಲ್ಲ ಜೋಡಿಸಿ ಬಟನ್ ಒತ್ತಿದೆ. ಫ್ಯಾನ್‌ಗಳು ತಿರುಗಿದವು. ಮಾನಿಟರ್ ಕಪ್ಪಗೇ ಇತ್ತು. ನನ್ನ ಬೋರ್ಡಿನ ಅಂಚಿನಲ್ಲಿ ನಾಲ್ಕು ಪುಟ್ಟ ದೀಪಗಳಿವೆ: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಸಿಪಿಯು ಅಂತ ಬರೆದಿದ್ದ ದೀಪ ಉರಿಯುತ್ತಲೇ ಇತ್ತು. ಅದನ್ನು ನೋಡಿಯೂ ನಾನು ರ‍್ಯಾಮ್ ಕಿತ್ತು ಬೇರೆ ಸ್ಲಾಟಿಗೆ ಹಾಕಿದೆ, ಕೇಬಲ್ ಬದಲಿಸಿದೆ, ಪ್ರೊಸೆಸರಿಗೆ ಕರೆಂಟ್ ಕೊಡುವ 8 ಪಿನ್ ಕನೆಕ್ಟರನ್ನು ಬಿಚ್ಚಿ ಮತ್ತೆ ಚುಚ್ಚಿದೆ. ಹೀಗೇ ಎರಡು ದಿನ ಹೋಯಿತು.

ಮೂರನೇ ದಿನ ಬೋರ್ಡ್ ತಯಾರಕರ ಜಾಲತಾಣದಲ್ಲಿ ನನ್ನ ಮಾಡೆಲ್ ಹುಡುಕಿ ಸಿಪಿಯು ಸಪೋರ್ಟ್ ಪಟ್ಟಿ ತೆರೆದೆ. 3100 ಇತ್ತು, 3300ಎಕ್ಸ್ ಇತ್ತು, 3600 ಇತ್ತು. 3200ಜಿ ಇರಲಿಲ್ಲ. ಕೊಳ್ಳುವ ಮೊದಲು ಐದು ನಿಮಿಷ ಕೊಟ್ಟು ನೋಡಬೇಕಿದ್ದ ಪಟ್ಟಿ ಅದು.

ಕಾರಣ ತಿಳಿದಾಗ ಇನ್ನೂ ಬೇಜಾರಾಯಿತು. 3600 ಮತ್ತು 3200ಜಿ ಎರಡರ ಹೆಸರೂ ಮೂರು ಸಾವಿರದ ಸಾಲಿನದು. ಒಳಗಿನ ವಿನ್ಯಾಸ ಮಾತ್ರ ಬೇರೆ. 3600 ಝೆನ್ 2. 3200ಜಿ ಝೆನ್ ಪ್ಲಸ್, ಅಂದರೆ ಹಿಂದಿನ ಸಾಲಿನ ರೈಜನ್ 2600, 2700ರ ಕಾಲದ್ದು. ಬಿ550 ಬಿಡುಗಡೆಯಾದಾಗಲೇ ಇದಕ್ಕೆ 3200ಜಿ, 3400ಜಿ ಆಗುವುದಿಲ್ಲ ಅಂತ ಎಎಂಡಿಯವರು ತಿಳಿಸಿದ್ದರು. ಮುಚ್ಚಿಟ್ಟ ವಿಷಯವೇನಲ್ಲ. ನಾನು ನೋಡಿರಲಿಲ್ಲ, ಅಷ್ಟೇ.

ಸಾಕೆಟ್ ಅನ್ನುವುದು ಬರೀ ಆಕಾರ. ಕೂತ ಪ್ರೊಸೆಸರ್ ಯಾವುದು ಅಂತ ಗುರುತಿಸಿ ಅದನ್ನು ಎಬ್ಬಿಸಬೇಕಾದ್ದು ಬಯಾಸ್, ಅಂದರೆ ಬೋರ್ಡಿನ ಚಿಪ್ಪಿನಲ್ಲೇ ಇರುವ, ಕಂಪ್ಯೂಟರ್ ಶುರು ಮಾಡುವ ಪುಟ್ಟ ಪ್ರೋಗ್ರಾಮ್. ಆ ಪ್ರೊಸೆಸರಿಗೆ ಬೇಕಾದ ಕೋಡ್ ಬಯಾಸ್‌ನಲ್ಲಿ ಇಲ್ಲದಿದ್ದರೆ ಫ್ಯಾನ್ ತಿರುಗುತ್ತದೆ, ಬೇರೇನೂ ಆಗುವುದಿಲ್ಲ. ಹಳೆಯ ಎಎಂ4 ಬೋರ್ಡುಗಳಲ್ಲಿ ಎಷ್ಟೋ ಕಡೆ ಬಯಾಸ್ ಚಿಪ್ ಬರೀ 16 ಎಂಬಿ. ಹೊಸ ಪ್ರೊಸೆಸರುಗಳಿಗೆ ಜಾಗ ಮಾಡಲು ಕೆಲವು ಅಪ್‌ಡೇಟ್‌ಗಳಲ್ಲಿ ಹಳೆಯವನ್ನು ತೆಗೆದೂ ಹಾಕಿದ್ದಾರೆ. ಹಾಗಾಗಿ ಬಯಾಸ್ ಹೊಸದಾದಷ್ಟೂ ಒಳ್ಳೆಯದು ಅಂತಲೂ ಕಣ್ಣು ಮುಚ್ಚಿ ನಂಬಬೇಡಿ.

ಪಟ್ಟಿ ನೋಡುವಾಗ ಬೋರ್ಡಿನ ಹೆಸರು ಅಕ್ಷರಕ್ಷರ ಹೊಂದಬೇಕು. ಕೊನೆಯಲ್ಲಿ ಒಂದು ಎಂ ಹೆಚ್ಚಿದ್ದರೂ ಅದು ಬೇರೆ ಬೋರ್ಡ್. ಕೆಲವು ಬೋರ್ಡುಗಳಿಗೆ ರಿವಿಷನ್ ನಂಬರ್ ಇರುತ್ತದೆ, ಒಂದೊಂದು ರಿವಿಷನ್‌ಗೂ ಪಟ್ಟಿ ಬೇರೆ. ಪ್ರೊಸೆಸರ್ ಹೆಸರಿನ ಎದುರು ಒಂದು ಬಯಾಸ್ ಆವೃತ್ತಿ ಬರೆದಿರುತ್ತಾರೆ. ಆ ಆವೃತ್ತಿಯಿಂದ ಮಾತ್ರ ಸಪೋರ್ಟ್ ಅಂತ ಅರ್ಥ. ನಿಮಗೆ ಸಿಗುವ ಬೋರ್ಡ್ ಒಂದು ವರ್ಷದಿಂದ ಕಪಾಟಿನಲ್ಲಿ ಕೂತಿದ್ದರೆ ಅದರಲ್ಲಿರುವುದು ಹಳೇ ಬಯಾಸ್. ಬಿ450 ಬೋರ್ಡಿಗೆ 2020ರ ಕೊನೆಯಲ್ಲಿ ಬಂದ ರೈಜನ್ 5000 ಹಾಕುವವರಿಗೆ, ಬಿ650 ಬೋರ್ಡಿಗೆ ರೈಜನ್ 9000 ಹಾಕುವವರಿಗೆ ಇದು ಮುಖ್ಯ. ಕೊಳ್ಳುವ ಮುಂಚೆಯೇ ಬಯಾಸ್ ಆವೃತ್ತಿ ಕೇಳಿ.

ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಬದಲಿಸುವ ಫ್ಲ್ಯಾಶ್‌ಬ್ಯಾಕ್ ಬಟನ್ ಕೆಲವು ಬೋರ್ಡುಗಳಲ್ಲಿರುತ್ತದೆ. ಮೊದಲ ಸಲ ಜೋಡಿಸುವವರು ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದಿರುವ ಬೋರ್ಡನ್ನೇ ಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನನ್ನದರಲ್ಲೂ ಇತ್ತು. ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಮ್ಯಾನ್ಯುಯಲ್ ಹೇಳಿದಂತೆ ಫೈಲಿನ ಹೆಸರು ಬದಲಿಸಿ, ಹೇಳಿದ ಪೋರ್ಟಿಗೇ ಹಾಕಿ ಬಟನ್ ಒತ್ತಿದೆ. ಅಪ್‌ಡೇಟ್ ಆಯಿತು. ಅದೇ ದೀಪ ಮತ್ತೆ ಹೊತ್ತಿಕೊಂಡಿತು. ಪಟ್ಟಿಯಲ್ಲೇ ಇಲ್ಲದ ಪ್ರೊಸೆಸರಿಗೆ ಆ ಬಟನ್ ಏನೂ ಮಾಡಲಾರದು.

ಇಂಟೆಲ್ ಪ್ರೊಸೆಸರ್ ಕಡೆ ಹೋಗುವವರಿಗೂ ಸಾಕೆಟ್ಟಿನ ಇದೇ ತೊಂದರೆ ಇದೆ. ಎಲ್‌ಜಿಎ 1151 ಅನ್ನುವ ಒಂದೇ ಹೆಸರಿನಲ್ಲಿ ಎರಡು ಗುಂಪು. 6 ಮತ್ತು 7ನೇ ಜನರೇಶನ್‌ಗೆ 100, 200 ಸರಣಿಯ ಬೋರ್ಡ್. 8 ಮತ್ತು 9ಕ್ಕೆ 300 ಸರಣಿ. ಅದಲುಬದಲಾದರೂ ಕೂರುತ್ತದೆ, ಓಡುವುದಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಜೋಪಾನ. ಎಲ್‌ಜಿಎ 1700ರಲ್ಲಿ 12, 13, 14 ಮೂರೂ ಬರುತ್ತವೆ. ಆದರೆ ಹಳೇ ಸ್ಟಾಕಿನ 600 ಸರಣಿಯ ಬೋರ್ಡಿಗೆ 13 ಅಥವಾ 14 ಹಾಕಲು ಬಯಾಸ್ ಅಪ್‌ಡೇಟ್ ಬೇಕಾಗಬಹುದು. ಅದೇ ಸಾಕೆಟ್ಟಿನಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಹೋಗುವುದಿಲ್ಲ. ಇನ್ನು ಹೆಸರಿನ ಕೊನೆಯಲ್ಲಿ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಬೇಕೇ ಬೇಕು.

ನನಗೆ ನಿಜವಾಗಿ ನಷ್ಟವಾದದ್ದು ಆಮೇಲೆ. ವಾಪಸ್ ಕೊಡೋಣ ಅಂತ ಪ್ರೊಸೆಸರ್ ಮೇಲೆ ಕೂತಿದ್ದ ಕೂಲರ್ ಹಿಡಿದು ನೇರ ಮೇಲಕ್ಕೆಳೆದೆ. ಶಾಖ ದಾಟಿಸಲು ಎರಡರ ನಡುವೆ ಹಚ್ಚುವ ಪೇಸ್ಟಿಗೆ ಅಂಟಿಕೊಂಡಿದ್ದ ಪ್ರೊಸೆಸರ್ ಸಾಕೆಟ್ಟಿನ ಲಿವರ್ ಹಾಕಿದ್ದಂತೆಯೇ ಕಿತ್ತು ಬಂತು. ಎಎಂ4ನಲ್ಲಿ ಪಿನ್‌ಗಳಿರುವುದು ಪ್ರೊಸೆಸರಿನ ಅಡಿಯಲ್ಲಿ. ಎರಡು ಪಿನ್ ಬಾಗಿದವು. ಪಿನ್ ಬಾಗಿದ್ದನ್ನು ವಾಪಸ್ ತಗೊಳ್ಳುವುದಿಲ್ಲ ಅಂದರು. ಎಎಂ4 ಕೂಲರ್ ತೆಗೆಯುವಾಗ ಮೊದಲು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಪೇಸ್ಟ್ ಸಡಿಲ ಮಾಡಿ, ಆಮೇಲೆ ಎತ್ತಿ. ಸುಮ್ನೆ ಎಳೆಯಬೇಡಿ.

ತೆಳ್ಳನೆ ಬ್ಲೇಡಿನಿಂದ ಆ ಎರಡು ಪಿನ್ ನೆಟ್ಟಗೆ ಮಾಡಲು ಒಂದು ಸಂಜೆ ಪೂರ್ತಿ ಬೇಕಾಯಿತು. ಮತ್ತೆ ದುಡ್ಡು ಕೂಡಿಸಿ ಬಿ450 ಬೋರ್ಡ್ ತಂದೆ. ಆ ಚಿಪ್‌ಸೆಟ್ 2018ರದು, ನನ್ನ ಪ್ರೊಸೆಸರಿಗಿಂತ ಒಂದು ವರ್ಷ ಹಳೆಯದು. ಆದ್ದರಿಂದ ಈ ಸಲ ಪಟ್ಟಿಯಲ್ಲಿ 3200ಜಿ ಎದುರಿದ್ದ ಬಯಾಸ್ ಆವೃತ್ತಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಬೋರ್ಡಿನಲ್ಲಿ ಅದಕ್ಕಿಂತ ಹೊಸದಿದೆ ಅಂತ ಖಾತ್ರಿಯಾದ ಮೇಲೆಯೇ ದುಡ್ಡು ಕೊಟ್ಟೆ. ಬಟನ್ ಒತ್ತಿದಾಗ ಸಿಪಿಯು ದೀಪ ಒಂದು ಕ್ಷಣ ಹೊತ್ತಿ ಆರಿತು, ಪರದೆ ಬೆಳಗಿತು. ಬಿ550 ಬೋರ್ಡ್ ಇನ್ನೂ ಅದರ ಡಬ್ಬದಲ್ಲೇ ಇದೆ.