ಕಾರವಾರದ ಗಾಜು ತೊಳೆಯುವ ಹುಡುಗರು: ಬ್ಲೇಡು ಬಿಟ್ಟರೆ ಉಳಿದದ್ದೆಲ್ಲ ಸರಿ

ಮಾಜಾಳಿಯ ನಮ್ಮ ಹೋಂಸ್ಟೇಗೆ ಬರುವವರು ಹಣ ಕೊಡುವುದೇ ಕಿಟಕಿಯಾಚೆಯ ಸಮುದ್ರಕ್ಕೆ. ಮಳೆಗಾಲ ಮುಗಿಯುವ ಹೊತ್ತಿಗೆ ಗಾಜು ಎಷ್ಟು ಮಂಜಾಗಿರುತ್ತದೆಂದರೆ ಅಲೆಯ ಸದ್ದು ಕೇಳಿ ಸಮುದ್ರವಿದೆ ಎಂದು ನಂಬಬೇಕು. ಈ ಸಲ ಕಾರವಾರದಿಂದ ಗಾಜು ತೊಳೆಯುವ ಇಬ್ಬರನ್ನು ಕರೆಸಿದೆವು.

ನನಗೆ ಮೆಚ್ಚಿಗೆಯಾದದ್ದು, ಬಾಟಲಿಗೆ ಕೈ ಹಾಕುವ ಮೊದಲು ಹಿರಿಯವನು ಪ್ರತಿ ಗಾಜಿನ ಮೇಲೂ ಉಗುರಾಡಿಸಿ ನೋಡಿದ್ದು. ಕಡಲಗಾಳಿ ಮೆತ್ತಿದ ಉಪ್ಪಿಗೆ ಧಾರಾಳವಾಗಿ ಸಿಹಿನೀರು ಸುರಿದ, ಅಷ್ಟೇ. ಉಪ್ಪು ತೇವ ಹೀರಿ ಜಿಗುಟಾಗಿರುವುದರಿಂದ ಒಣಬಟ್ಟೆಯಲ್ಲಿ ಒರೆಸಿದರೆ ಗಾಜಿನ ತುಂಬ ಬಳಿದುಕೊಳ್ಳುತ್ತದೆ. ಜೊತೆಗೆ ಮರಳಿನ ಕಣವಿದ್ದರೆ ಗೀರು ಖಚಿತ. ಬಚ್ಚಲ ಕಡೆ ಬೋರ್‌ವೆಲ್ ನೀರು ಆರಿ ಕಟ್ಟಿದ ಬಿಳಿ ಕಲೆಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಅಂಟಿಸಿ ಬಿಟ್ಟ. ಸುಣ್ಣದ ಅಂಶವಾದ್ದರಿಂದ ಹುಳಿಗೆ ಕರಗಿತು. ಹಳೆಯ ಸ್ಟಿಕರ್ ಅಂಟಿಗೆ ನಮ್ಮ ಅಡುಗೆಮನೆಯ ಕೊಬ್ಬರಿ ಎಣ್ಣೆಯನ್ನೇ ಕೇಳಿದ.

ಒಂದು ವೆಂಟಿಲೇಟರ್ ಗಾಜು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. "ಅಕ್ಕಾ, ಇದು ಕೊಳೆಯಲ್ಲ, ಗಾಜೇ ಸವೆದಿದೆ. ಬದಲಿಸಿಬಿಡಿ" ಎಂದ. ವರ್ಷಗಟ್ಟಲೆ ತೇವ ನಿಂತರೆ ಗಾಜಿನೊಳಗಿನ ಸೋಡಿಯಂ ಹೊರಬಂದು ಮೇಲ್ಮೈ ಕೊರೆದಂತಾಗುತ್ತದೆ. ಅದಕ್ಕೆ ಯಾವ ದ್ರವವೂ ಮದ್ದಲ್ಲ. ಉಜ್ಜಿದಂತೆ ಮಾಡಿ ಹಣ ಕೀಳಬಹುದಿತ್ತು, ಕೀಳಲಿಲ್ಲ.

ಕಿರಿಯವನ ಕಥೆ ಬೇರೆ. ಊಟದ ಕೋಣೆಯ ಕಿಟಕಿಗೆ ಒಳಬದಿಯಲ್ಲಿ ಸನ್ ಫಿಲ್ಮ್ ಇದೆ. ಪೇಂಟ್ ಹನಿ ಕೆರೆಯುತ್ತ ಬಂದವನು ಅದಕ್ಕೂ ಬ್ಲೇಡು ಹಾಕಿದ. ನಾನು ಕೂಗುವಷ್ಟರಲ್ಲಿ ಬೆರಳುದ್ದದ ಗೀರು. ಫಿಲ್ಮ್ ಎಂದರೆ ಪ್ಲಾಸ್ಟಿಕ್, ಅಮೋನಿಯಾ ಬೆರೆತ ದ್ರವವೂ ಅದಕ್ಕೆ ಆಗದು ಎಂಬುದನ್ನು ಇವನಿಗೆ ಯಾರೂ ಹೇಳಿಕೊಟ್ಟಂತಿಲ್ಲ. ಕೂಲಿಯಲ್ಲಿ ಒಂದಿಷ್ಟು ಬಿಟ್ಟರು, ಗೀರು ಉಳಿಯಿತು.

ಹೊರಡುವಾಗ ನೀರು ನಿಲ್ಲದ ಲೇಪನವೊಂದನ್ನು ಮಾರಲು ನೋಡಿದರು. ಒಂದೇ ಕಿಟಕಿಗೆ ಹಾಕಿಸಿದೆ. ಮೊನ್ನೆಯ ಅಕಾಲ ಮಳೆಗೆ ಹನಿಗಳು ಉರುಳಿ ಓಡಿದ್ದು ಚೆಂದವಿತ್ತು. ಆದರೆ ಕಡಲ ತುಂತುರಿಗೆ ಉರುಳುವಷ್ಟು ತೂಕವಿಲ್ಲ. ಮಣಿಮಣಿಯಾಗಿ ಅಲ್ಲೇ ಒಣಗಿ ಗಾಜಿನ ತುಂಬ ಚುಕ್ಕೆ ಬಿಡುತ್ತದೆ. ತೊಳೆಯುವುದು ಸುಲಭವಾಗಿದೆ, ತಪ್ಪಿಲ್ಲ. ಅವರು ಹೇಳಿದ ಬೆಲೆಗೆ ಉಳಿದ ಕಿಟಕಿಗಳಿಗೆ ಹಾಕಿಸುವುದಿಲ್ಲ. ತೊಳೆಯಲು ಮುಂದಿನ ವರ್ಷವೂ ಇವರನ್ನೇ ಕರೆಯುತ್ತೇನೆ, ಊಟದ ಕೋಣೆಗೆ ಬೀಗ ಹಾಕಿಕೊಂಡು.